ಕೆಳಗಿನ ನಟ್ಟಿನ ಬಿಳಿ ಬೊಟ್ಟು

ಪೂಜೆಗಿಟ್ಟ, ನಟ್ಟು ಬಿಗಿಯುವ ಪಾನಾಗಳ ನಡುವೆ ಆ ಪಿನ್ನು ಬಿದ್ದಿತ್ತು. ಕಿರುಬೆರಳಿನಷ್ಟು ಉದ್ದ, ತುದಿ ಸೀಳಿದ ಕಬ್ಬಿಣದ ಪಿನ್ನು. ಅದಕ್ಕೂ ವಿಭೂತಿ ಹಚ್ಚಿತ್ತು. ಚೆಂಡುಹೂವಿನ ಒಂದು ಎಸಳು ಅಂಟಿಕೊಂಡಿತ್ತು.

ನಾಗಲಿಂಗಪ್ಪ ಮಿಸ್ತ್ರಿ ಅದನ್ನು ನೋಡಿದ್ದು ದಸರೆಯ ಬೆಳಿಗ್ಗೆ, ಗುಡಿಯಿಂದ ಬಂದು ಅಂಗಿ ಗೂಟಕ್ಕೆ ಹಾಕುವಾಗ. ಸ್ವಲ್ಪ ಮೊದಲು, ಅಂಗಳ ದಾಟುವಾಗ, ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡು ಖಾಲಿ ಇರುವುದನ್ನು ಕಂಡಿದ್ದ. ಚನಬಸಪ್ಪನ ಲಾರಿ ಇರಲಿಲ್ಲ. ಕಸ ಬಳಿಯಲು ಯಾರೋ ಹೊರಗೆ ತಳ್ಳಿ ನಿಲ್ಲಿಸಿರಬೇಕು ಎಂದುಕೊಂಡಿದ್ದ. ಪಿನ್ನು ಕಂಡ ಮೇಲೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

"ಗಾಡಿ ಎಲ್ಲಿ?"

ಹೆಂಡತಿ ಮಹಾದೇವಕ್ಕ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. "ಚನಬಸಪ್ಪ ಒಯ್ದ್ನಲ್ರಿ. ನೀವು ಗುಡಿಗೆ ಹೋದ ಮ್ಯಾಲ ಬಂದ, ಬಾನಟ್ ಎತ್ತಿ ನೋಡಿದ. 'ಅಕ್ಕಾರ, ಎರಡೂ ನಟ್ಟಿಗೆ ಸುಣ್ಣ ಹಚ್ಯಾರ, ಕೆಲಸ ಮುಗದೈತಿ' ಅಂದ. ಮುಂಡಗೋಡ ಕಡೆಯ ತಾಂಡಾದ ಮಂದಿ ಬಂದು ಕುಂತಾರಂತ. ಅವರನ್ನ ಕುಳಗಿ ದಾಟಿ ಬಿದಿರು ಕಡಿಯೋ ಕ್ಯಾಂಪಿಗೆ ಬಿಡಬೇಕಂತ. ಯಾಕ್ರಿ?"

"ಎರಡೂ ನಟ್ಟಿಗೆ ಅಂದ್ನಾ?"

"ಹೂಂ, ಎರಡೂ ಅಂದ."

"ನಾ ಮ್ಯಾಲಿನದಕ್ಕಷ್ಟ ಹಚ್ಚೇನಿ."

ಮಹಾದೇವಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

ಆ ಭಾಗದ ಲಾರಿಯವರಿಗೆಲ್ಲ ಗೊತ್ತಿದ್ದ ರೂಢಿ ಅದು. ನಾಗಲಿಂಗಪ್ಪ ಎಲೆ ಅಡಿಕೆ ಹಾಕುವವನು. ಸೊಂಟದಲ್ಲಿ ಸುಣ್ಣದ ಡಬ್ಬಿ ಸದಾ ಇರುತ್ತಿತ್ತು. ಯಾವುದೇ ನಟ್ಟನ್ನು ಕಡೆಯ ಸಲ ಬಿಗಿದು, ಅದು ತಿರುಗದಂತೆ ಪಿನ್ನು ತೂರಿಸಿ, ಪಿನ್ನಿನ ತುದಿ ಮಡಚಿದ ಮೇಲೆ ಅದರ ಮೇಲೆ ಬೆರಳ ತುದಿಯಿಂದ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದ. ಬೊಟ್ಟಿಲ್ಲದ ನಟ್ಟೆಂದರೆ ಕೆಲಸ ಬಾಕಿ. ಹಳಿಯಾಳದಿಂದ ಜೋಯಿಡಾವರೆಗೆ ಡ್ರೈವರುಗಳು ಅವನ ಶೆಡ್ಡಿನಿಂದ ಗಾಡಿ ಒಯ್ಯುವಾಗ ಬಾನಟ್ ಎತ್ತಿ ಬೊಟ್ಟು ನೋಡಿಕೊಳ್ಳುತ್ತಿದ್ದರು. ಬೇರೆ ಏನನ್ನೂ ಕೇಳುತ್ತಿರಲಿಲ್ಲ.

ಚನಬಸಪ್ಪನದು ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಂದ ಮಿಲಿಟರಿ ಗಾಡಿ. ಕಾಡಿನ ಹಳ್ಳಗಳಲ್ಲಿ ಕಲ್ಲು ತಾಗದಿರಲೆಂದು ಅವನು ದೊಡ್ಡ ಗಾಲಿಗಳನ್ನು ಹಾಕಿಸಿದ್ದ. ಗಾಲಿ ಮೈಗೆ ಉಜ್ಜತೊಡಗಿದಾಗ ಚಾಸಿಯ ಮೇಲೆ ಮತ್ತಿ ಮರದ ದಿಮ್ಮಿಗಳನ್ನಿಟ್ಟು ಕ್ಯಾಬಿನ್ನನ್ನೇ ಗೇಣುದ್ದ ಎತ್ತರಿಸಿದ್ದ. ಎತ್ತರಿಸಿದ ಮೇಲೆ ಸ್ಟೇರಿಂಗಿನ ಶಾಫ್ಟು ಗಿಡ್ಡವಾಯಿತು. ಹಿಂದೊಬ್ಬ ಮಿಸ್ತ್ರಿ ನಡುವೆ ಕೊಳವೆಯ ತುಂಡು ಬೆಸೆದುಕೊಟ್ಟಿದ್ದ. ಅಂದಿನಿಂದ ಸ್ಟೇರಿಂಗಿನ ಚಕ್ರ ತಿರುಗಿಸಲು ಎರಡೂ ತೋಳಿನ ಬಲ ಬೇಕಾಗುತ್ತಿತ್ತು. ಈಚೆಗೆ ಬೆಸುಗೆಯ ಮೇಲೆ ಕೂದಲಿನಂಥ ಬಿರುಕೂ ಕಾಣಿಸಿಕೊಂಡಿತ್ತು. ನಾಗಲಿಂಗಪ್ಪ ಆ ತುಂಡನ್ನು ಕತ್ತರಿಸಿ ಎಸೆದು, ಮುರುಕು ಜೀಪೊಂದರಿಂದ ತೆಗೆದ ಎರಡು ಕ್ರಾಸ್ ಜಾಯಿಂಟು ಹಾಕಿ ಹೊಸ ಶಾಫ್ಟು ಕೂಡಿಸಿದ್ದ. ಮೊಣಕೈ ಮಡಚಿದಂತೆ ಮಡಚುವ ಜಾಯಿಂಟುಗಳು ಅವು. ಎತ್ತರ ಎಷ್ಟೇ ಇರಲಿ, ಓರೆ ಎಷ್ಟೇ ಇರಲಿ, ಚಕ್ರ ಸಲೀಸಾಗಿ ತಿರುಗುತ್ತದೆ. ಮೇಲಿನದು ಚಕ್ರದ ಕಡೆ, ಕೆಳಗಿನದು ಗಾಲಿ ತಿರುಗಿಸುವ ಪೆಟ್ಟಿಗೆಯ ಕಡೆ. ಒಂದೊಂದಕ್ಕೂ ಒಂದು ಬೋಲ್ಟು, ಒಂದು ನಟ್ಟು, ಒಂದು ಪಿನ್ನು.

ಅಷ್ಟಮಿಯ ಸಂಜೆ ಮೇಲಿನದು ಮುಗಿದಿತ್ತು. ಕೆಳಗಿನ ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದ್ದ, ಅಷ್ಟೇ. ಕತ್ತಲಾಯಿತು. ಬೆಳಿಗ್ಗೆ ಬಿಗಿದರಾಯಿತು ಎಂದು ಪಿನ್ನನ್ನು ಕಟ್ಟೆಯ ಮೇಲಿಟ್ಟು ಎದ್ದಿದ್ದ. ಮರುದಿನ ಖಂಡೇಪೂಜೆ, ಆಯುಧಗಳನ್ನು ಪೂಜಿಸುವ ದಿನ. ಅವನು ಸ್ನಾನ ಮಾಡಿ ಬರುವಷ್ಟರಲ್ಲಿ ಮಹಾದೇವಕ್ಕ ಕಟ್ಟೆಯ ಮೇಲಿದ್ದ ಕಬ್ಬಿಣವನ್ನೆಲ್ಲ ಬಳಿದು, ತೊಳೆದು, ಕಂಬಳಿಯ ಮೇಲೆ ಸಾಲಾಗಿ ಇಟ್ಟು ದೀಪ ಹಚ್ಚಿಯಾಗಿತ್ತು. ಪೂಜೆಗೆ ಕೂತ ಹತ್ಯಾರವನ್ನು ಬನ್ನಿ ಮುಡಿಯುವ ತನಕ ಯಾರೂ ಎತ್ತುವುದಿಲ್ಲ. ಚನಬಸಪ್ಪ ದಸರೆಯ ಮರುದಿನ ಗಾಡಿ ಒಯ್ಯಲು ಬರುತ್ತೇನೆಂದು ಹೇಳಿ ತಾಯಿಯನ್ನು ಕರೆತರಲು ಹಳಿಯಾಳಕ್ಕೆ ಹೋಗಿದ್ದ. ಅವಸರವೇನಿದೆ ಎಂದು ನಾಗಲಿಂಗಪ್ಪ ಸುಮ್ಮನಾಗಿದ್ದ.

"ನಿನ್ನೆ ಆತನ ತಾಯಿ ಬಂದಿದ್ಲರಿ," ಮಹಾದೇವಕ್ಕ ನಿಧಾನವಾಗಿ ಹೇಳಿದಳು. "ಗುರುಸಿದ್ದವ್ವ. ಗಾಡಿ ಪೂಜಿ ಮಾಡಿದ್ಲು. ನೀವು ಪ್ಯಾಟಿಗೆ ಹೋಗಿದ್ರಿ. ಗಾಲಿಗೆ, ದೀಪಕ್ಕ, ಎಲ್ಲಾದಕ್ಕೂ ವಿಭೂತಿ ಹಚ್ಚಿದ್ಲು. ಬಾನಟ್ಟಿನೊಳಗೂ ಕೈ ಹಾಕಿ ಹಾಕಿ ಹಚ್ಚಿದ್ಲು. 'ಎಲ್ಲೆಲ್ಲಿ ಕಬ್ಬಣ ಐತಿ ಅಲ್ಲೆಲ್ಲಾ ಶಿವ ಇರ್ಲಿ' ಅಂದ್ಲು."

ನಾಗಲಿಂಗಪ್ಪ ಕಂಬಳಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಕೈ ಪಾನಾದ ಕಡೆ ಹೋಯಿತು, ಅದರ ಮೇಲೆ ನಿಂತಿತು. ದೀಪ ಇನ್ನೂ ಉರಿಯುತ್ತಿತ್ತು. ಅಪ್ಪ ಕಮ್ಮಾರಿಕೆ ಮಾಡುತ್ತಿದ್ದ ಕಾಲದಿಂದ ಆ ಮನೆಯಲ್ಲಿ ಯಾರೂ ಬನ್ನಿಗೆ ಮೊದಲು ಹತ್ಯಾರ ಮುಟ್ಟಿರಲಿಲ್ಲ.

ಮಹಾದೇವಕ್ಕ ದೀಪವನ್ನು ಪಕ್ಕಕ್ಕೆ ಸರಿಸಿದಳು. "ಯಾವುದು ಬೇಕು?"

"ಆ ನಡುವಿನದು."

ಅವಳೇ ಎತ್ತಿ ಅವನ ಕೈಗಿಟ್ಟಳು. "ದೇವರಿಗೆ ನಾ ಹೇಳ್ತೇನಿ. ನೀವು ಹೋಗ್ರಿ."

ಅವನು ಪಿನ್ನನ್ನು ಧೋತರದ ತುದಿಗೆ ಕಟ್ಟಿಕೊಂಡ. ಬಿಡಿಭಾಗಗಳ ಡಬ್ಬಿಯಿಂದ ಒಂದು ನಟ್ಟನ್ನೂ ಒಂದು ಬೋಲ್ಟನ್ನೂ ತೆಗೆದುಕೊಂಡ. ಇದ್ದ ನಟ್ಟು ಇಷ್ಟು ಹೊತ್ತಿಗೆ ಅಲ್ಲೇ ಇರುತ್ತದೆಂಬ ನಂಬಿಕೆ ಅವನಿಗಿರಲಿಲ್ಲ.

ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿಯ ಅಂದಾನೆಪ್ಪನ ಮನೆ. ಆ ಓಣಿಗೆಲ್ಲ ಫಟಫಟಿ, ಮೋಟಾರ್ ಸೈಕಲ್ಲು, ಇದ್ದದ್ದು ಅವನೊಬ್ಬನಿಗೆ. ಅದು ಅಂಗಳದಲ್ಲಿ ಮದುಮಗನಂತೆ ನಿಂತಿತ್ತು: ಹ್ಯಾಂಡಲ್ಲಿನ ಎರಡೂ ಕಡೆ ಬಾಳೆಕಂದು, ದೀಪಕ್ಕೆ ಚೆಂಡುಹೂವಿನ ಹಾರ, ಮುಂದಿನ ಗಾಲಿಯ ಕೆಳಗೆ ಲಿಂಬೆಹಣ್ಣು. ಅಂದಾನೆಪ್ಪ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಅಂದಾನೆಪ್ಪಾ, ಗಾಡಿ ಚಾಲೂ ಮಾಡು. ಕುಳಗಿಗೆ ಹೋಗೂಣು."

"ಬನ್ನಿ ಮುಡದ ಮ್ಯಾಲ ಹೋಗೂಣು ತಗೋ. ಪೂಜಿಗೆ ಕುಂತ ಗಾಡಿ ಅದು. ನಮ್ಮವ್ವ ನೋಡಿದ್ರ ನನ್ನ ಮನಿಯಾಗ ತಗೊಳ್ಳಂಗಿಲ್ಲ."

ಹೇಳುತ್ತಿದ್ದಂತೆ ಅವನ ಕಣ್ಣು ನಾಗಲಿಂಗಪ್ಪನ ಕೈಯ ಮೇಲೆ ಬಿತ್ತು. ಪಾನಾದ ಮೇಲೆ ವಿಭೂತಿ, ನಡುವೆ ಕುಂಕುಮ.

"ಇದನ್ನ ಯಾಕ ಎತ್ತಿದ್ಯೋ, ಮಿಸ್ತ್ರಿ?"

"ಚನಬಸಪ್ಪನ ಗಾಡಿ ಸ್ಟೇರಿಂಗ್ ಬಿಗದಿಲ್ಲ. ಬಿಗದೈತಿ ಅಂತ ತಿಳಕೊಂಡು ಒಯ್ದಾನ. ಮ್ಯಾಲ ತಾಂಡಾದ ಮಂದಿ ಅದಾರ. ಹೆಣ್ಣಮಕ್ಕಳು, ಕೂಸು ಎಲ್ಲಾ."

ಅಂದಾನೆಪ್ಪ ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟ. ಮನೆಯ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಫಟಫಟಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಲಿಂಬೆಹಣ್ಣಿನ ಮೇಲೆ ಹಾಯಿಸಿ, ಬೀದಿಗೆ ಬಂದು ಒದ್ದ. ಮೂರನೆಯ ಒದೆತಕ್ಕೆ ಅದು ಗುಡುಗಿತು. ಒಳಗಿನಿಂದ ಮುದುಕಿಯೊಬ್ಬಳ ಕೂಗು ಕೇಳಿಸಿತು. ಇಬ್ಬರೂ ತಿರುಗಿ ನೋಡಲಿಲ್ಲ.

ಕಾಳಿ ನದಿಯ ಸೇತುವೆ ದಾಟಿದರು. ಸೇತುವೆಯ ಆಚೆ ರಸ್ತೆ ಸಾಗುವಾನಿ ನೆಡುತೋಪಿನೊಳಗೆ ಹೊಕ್ಕಿತು. ರಾತ್ರಿಯ ಮಳೆಗೆ ಮಣ್ಣು ಹಸಿಯಾಗಿತ್ತು. ಅದರ ಮೇಲೆ ದೊಡ್ಡ ಗಾಲಿಯ ಗುರುತು ಎರಡು ಸಾಲಾಗಿ ಮುಂದಕ್ಕೆ ಹೋಗಿತ್ತು. ನಾಗಲಿಂಗಪ್ಪ ಅಂದಾನೆಪ್ಪನ ಹೆಗಲ ಮೇಲಿಂದ ಕತ್ತು ಚಾಚಿ ಆ ಗುರುತನ್ನೇ ನೋಡುತ್ತಿದ್ದ. ಒಂದೊಂದು ತಿರುವು ಬಂದಾಗಲೂ ಗುರುತು ರಸ್ತೆಯ ಜೊತೆಗೇ ತಿರುಗಿದೆಯೇ ಎಂದು ನೋಡುತ್ತಿದ್ದ. ತಿರುಗಿತ್ತು. ಮುಂದಿನ ತಿರುವು. ಅಲ್ಲೂ ತಿರುಗಿತ್ತು.

"ಬಿಗದಿಲ್ಲ ಅಂದ್ರ ಇಷ್ಟು ದೂರ ಹೆಂಗ ಹೋದ?" ಅಂದಾನೆಪ್ಪ ಕೂಗಿ ಕೇಳಿದ.

"ಶಾಫ್ಟಿನ ಹಲ್ಲಿನ ಮ್ಯಾಲ ಜಾಯಿಂಟ್ ಕುಂತೈತಿ. ಸಣ್ಣಂಗ ತಿರುಗಿಸಿದ್ರ ಹಿಡಕೋತೈತಿ. ಅಳ್ಳಾಡಿ ಅಳ್ಳಾಡಿ ನಟ್ಟು ಬಿಚ್ಚತೈತಿ, ಆಮ್ಯಾಲ ಬೋಲ್ಟು ಸರೀತೈತಿ. ಬೋಲ್ಟು ಬಿದ್ದ ಮ್ಯಾಲ ಒಂದ ಸಲ ಜೋರಾಗಿ ತಿರುಗಿಸಿದ್ರ ಸಾಕು, ಜಾಯಿಂಟ್ ಕಳಚಿ ಬರತೈತಿ. ಚಕ್ರ ಕೈಯಾಗ ಗಿರಗಿರ ತಿರಗತೈತಿ, ಗಾಲಿ ತಮ್ಮ ಪಾಡಿಗೆ ತಾವು ಹೋಗ್ತಾವ."

"ಜೋರಾಗಿ ಎಲ್ಲಿ ತಿರುಗಿಸಬೇಕಾಗತೈತಿ?"

ನಾಗಲಿಂಗಪ್ಪನಿಗೆ ಆ ರಸ್ತೆ ಗೊತ್ತಿತ್ತು. ಕುಳಗಿಯ ಮುಂದೆ ಇಳಿಜಾರು. ಎಡಗಡೆ ಕಂದರ. ಇಳಿಜಾರಿನ ಬುಡದಲ್ಲಿ ರಸ್ತೆ ಒಮ್ಮೆಲೇ ಬಲಕ್ಕೆ ಹೊರಳಿ ಹಳ್ಳಕ್ಕೆ ಇಳಿಯುತ್ತದೆ. ಹಳ್ಳದೊಳಗೆ ತಲೆಯಷ್ಟು ದೊಡ್ಡ ಕಲ್ಲುಗಳು.

"ಹಳ್ಳದ ಹೊರಳಿನ್ಯಾಗ," ಎಂದ.

ಅಂದಾನೆಪ್ಪ ವೇಗ ಹೆಚ್ಚಿಸಿದ. ಒಂದು ಬಾಳೆಕಂದು ಕಿತ್ತು ಬಿತ್ತು.

ಕುಳಗಿಯ ಅರಣ್ಯ ಗೇಟಿನಲ್ಲಿ ಕಾವಲುಗಾರ ದುರ್ಗಪ್ಪ ಕೋಲು ಅಡ್ಡ ಹಾಕಿಕೊಂಡು ನಿಂತಿದ್ದ. ಹೂ ಕಟ್ಟಿದ ಫಟಫಟಿ ಕಂಡು ನಕ್ಕ.

"ಏನ್ರಿ ಅಂದಾನೆಪ್ಪನವರ, ಬನ್ನಿ ತರಾಕ ಅಡವಿಗೆ ಬಂದ್ರ್ಯಾ?"

"ಚನಬಸಪ್ಪನ ಗಾಡಿ?" ನಾಗಲಿಂಗಪ್ಪ ಕೇಳಿದ.

"ಈಗ ಹೋತು. ಗೇಟ್ ಹಾಕಿ ಇನ್ನೂ ಕೈ ಝಾಡಿಸಿಲ್ಲ ನಾ. ಹೆಣ್ಣಮಕ್ಕಳು ತಗಡು ಬಡಕೋತ, ಹಾಡಕೋತ ಹೊಂಟಾರ. ಮುದುಕಿನೂ ಮುಂದ ಕುಂತಾಳ."

"ಗುರುಸಿದ್ದವ್ವನಾ?"

"ಹೂಂ. ಹೊಸ ಸ್ಟೇರಿಂಗಿನ ಮೊದಲನೇ ಸವಾರಿ ಅಂತ ಬಂದಾಳ. ಮಿಸ್ತ್ರಿ, ನಿನ್ನ ಭಾರಿ ಹೊಗಳಿದ ನೋಡು ಚನಬಸಪ್ಪ. 'ಬೆಣ್ಣಿ ಆಗೈತಿ, ಒಂದ ಬೆರಳಿಲೆ ತಿರಗತೈತಿ' ಅಂದ."

ನಾಗಲಿಂಗಪ್ಪ ಗೇಟಿನ ಕೋಲನ್ನು ತಾನೇ ಎತ್ತಿದ. ದುರ್ಗಪ್ಪನ ನಗು ನಿಂತಿತು.

ಇಳಿಜಾರು ಶುರುವಾಗುವ ಕಡೆ ಲಾರಿ ಕಾಣಿಸಿತು. ಎತ್ತರದ ಗಾಡಿ; ಹಿಂದಿನಿಂದ ನೋಡಿದರೆ ಕಾಲು ಉದ್ದವಾದ ಪ್ರಾಣಿಯಂತೆ ಓಲಾಡುತ್ತ ಹೋಗುತ್ತಿತ್ತು. ಹಿಂಬದಿಯ ಹಲಗೆಗೆ ಒರಗಿ ಹೆಂಗಸರು ಕೂತಿದ್ದರು. ಗಂಟುಮೂಟೆ, ಗಡಿಗೆ, ಬುಟ್ಟಿಯಲ್ಲಿ ಕೋಳಿ. ಕ್ಯಾಬಿನ್ನಿನ ಬೆನ್ನಿಗೆ ಕೂತವರು ಅದರ ತಗಡನ್ನು ತಮಟೆಯಂತೆ ಬಡಿಯುತ್ತ ಹಾಡುತ್ತಿದ್ದರು. ಬಡಿತ ಇಲ್ಲಿಯವರೆಗೂ ಕೇಳುತ್ತಿತ್ತು.

ಅಂದಾನೆಪ್ಪನ ಬೆರಳು ಹಾರ್ನಿನ ಕಡೆ ಹೋಯಿತು. ನಾಗಲಿಂಗಪ್ಪ ಆ ಕೈಯನ್ನು ಹಿಡಿದ.

"ಹಾರ್ನ್ ಹೊಡೀಬ್ಯಾಡ."

"ಹೊಡೀದ ಹೆಂಗ ನಿಲ್ಲಸೂದು?"

"ಹೊಡದ್ರ ದಾರಿ ಕೊಡಾಕ ಎಡಕ್ಕ ತಿರುಗಸ್ತಾನ. ಎಡಕ್ಕ ಏನೈತಿ ನೋಡು."

ಅಂದಾನೆಪ್ಪ ನೋಡಿದ. ರಸ್ತೆಯ ಅಂಚಿನ ಹುಲ್ಲು, ಅದರಾಚೆ ಮರಗಳ ತುದಿಗಳು ಮಾತ್ರ ಕಾಣುತ್ತಿದ್ದವು. ಅವನು ಹಾರ್ನಿನಿಂದ ಕೈ ತೆಗೆದ.

"ಬೆನ್ನ ಹತ್ತು. ಹಲಗಿಗೆ ತಾಗಬೇಕು ನೋಡು, ಅಷ್ಟು ಹತ್ತಿರ."

ಲಾರಿಯ ಗಾಲಿ ಕೆಸರನ್ನು ಮುಖಕ್ಕೆ ಎರಚುತ್ತಿತ್ತು. ಹಲಗೆಯ ಹತ್ತಿರ ಕೂತಿದ್ದವಳು ಗಂಗಿಬಾಯಿ, ವರ್ಷವರ್ಷವೂ ಬಿದಿರು ಕಡಿಯಲು ಬರುವ ಆ ತಂಡದ ಮುಖಂಡ ಜೈರಾಮನ ಹೆಂಡತಿ. ತೋಳ ತುಂಬ ಬಳೆ, ತೊಡೆಯ ಮೇಲೆ ಸೊಸೆ ರೂಪಿಬಾಯಿಯ ಕೂಸು. ಹಿಂದೆ ಹೂವಿನ ಫಟಫಟಿ ಬರುವುದನ್ನು ಕಂಡು ಅವಳು ನಕ್ಕಳು.

"ಏ ಮಿಸ್ತ್ರಿ ಅಣ್ಣಾ! ಮದುವಿ ಆಗಾಕ ಹೊಂಟಿಯೇನು? ಹೆಣ್ಣು ಎಲ್ಲಿ?"

"ಗಾಡಿ ನಿಲ್ಲಸು, ಅವ್ವಾ!"

"ಏನು? ಬನ್ನಿ ಕೊಡ್ತೀಯಾ? ಕ್ಯಾಂಪಿಗೆ ಬಾ, ಅಲ್ಲೆ ಕೊಡು!"

ಅಕ್ಕಪಕ್ಕದವರು ನಕ್ಕರು. ಮುಂದೆ ಹಾಡು ಏರಿತು, ತಗಡಿನ ಬಡಿತವೂ ಏರಿತು. ನಾಗಲಿಂಗಪ್ಪ ಮತ್ತೆ ಕೂಗಿದ. ಫಟಫಟಿಯ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಲಾರಿ ಒಂದು ಸಣ್ಣ ತಿರುವನ್ನು ಹಾಯಿತು. ತಿರುಗಿದ ಮೇಲೆ ಅದು ನೆಟ್ಟಗಾಗಲು ಒಂದು ಕ್ಷಣ ತಡ ಮಾಡಿತು. ಬೇರೆ ಯಾರಿಗೂ ಕಾಣುವಂಥದ್ದಲ್ಲ. ನಾಗಲಿಂಗಪ್ಪನಿಗೆ ಕಂಡಿತು. ಬೋಲ್ಟು ಸರಿಯುತ್ತಿದೆ.

ಮಾತಿನಿಂದ ಆಗುವುದಿಲ್ಲ ಎಂದು ಅವನಿಗೆ ತಿಳಿಯಿತು. ಒಂದು ಕೈಯಿಂದ ಅಂದಾನೆಪ್ಪನ ಹೆಗಲು ಹಿಡಿದು ಎದ್ದು ನಿಂತ. ಇನ್ನೊಂದು ಕೈಯಿಂದ ಪಾನಾವನ್ನು ಎತ್ತಿ ಗಂಗಿಬಾಯಿಯ ಮುಖಕ್ಕೆ ನೇರವಾಗಿ ಹಿಡಿದ.

ಗಂಗಿಬಾಯಿ ಮೊದಲು ಪಾನಾ ನೋಡಿದಳು. ಆಮೇಲೆ ಅದರ ಮೇಲಿದ್ದ ಕುಂಕುಮ ನೋಡಿದಳು. ಅವಳ ಬೆನ್ನ ಹಿಂದೆ, ಗಂಟುಗಳ ನಡುವೆ, ತಂಡದವರು ಬಿದಿರು ಕಡಿಯುವ ಕೊಯ್ತಾಗಳು ಕೆಂಪು ಬಟ್ಟೆಯಲ್ಲಿ ಸುತ್ತಿ ಇದ್ದವು. ನಿನ್ನೆ ಪೂಜೆ ಮಾಡಿ ಕಟ್ಟಿದ್ದು. ಸಂಜೆ ಕ್ಯಾಂಪಿನಲ್ಲಿ ಬನ್ನಿ ಆಗುವ ತನಕ ಅವುಗಳ ಮೇಲೆ ಕಾಲು ತಾಗದಂತೆ ಅವಳೇ ಕಾಯ್ದುಕೊಂಡು ಬಂದಿದ್ದಳು. ಪೂಜೆಯ ಹತ್ಯಾರವನ್ನು ಯಾರೂ ಸುಮ್ಮನೆ ಎತ್ತಿಕೊಂಡು ಅಡವಿಗೆ ಓಡಿ ಬರುವುದಿಲ್ಲ.

ಅವಳ ನಗು ಹೋಯಿತು. ನಾಗಲಿಂಗಪ್ಪ ಪಾನಾದಿಂದ ಕ್ಯಾಬಿನ್ನಿನ ಕಡೆ ತೋರಿಸಿದ. ಗಾಳಿಯಲ್ಲಿ ಒಂದೇ ಒಂದು ಸಲ ಹೊಡೆದ ಹಾಗೆ ಮಾಡಿದ.

ಲಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತಿರುವ ಸನ್ನೆ ಅದು. ತಗಡಿಗೆ ಒಂದು ಬಡಿತವೆಂದರೆ ನಿಲ್ಲು, ಎರಡೆಂದರೆ ಹೊರಡು. ಆದರೆ ತಗಡು ಆಗಲೇ ಹಾಡಿನ ಬಡಿತದಿಂದ ತುಂಬಿಹೋಗಿತ್ತು. ಅದರ ನಡುವೆ ಒಂದು ಬಡಿತವನ್ನು ಚನಬಸಪ್ಪ ಹೇಗೆ ತಿಳಿದುಕೊಳ್ಳಬೇಕು?

ಗಂಗಿಬಾಯಿ ಕೂಸನ್ನು ಪಕ್ಕದವಳ ಮಡಿಲಿಗೆ ಹಾಕಿದಳು. ಎದ್ದು, ಗಂಟುಗಳನ್ನು ತುಳಿದು, ಕೂತವರ ತಲೆ ಹಿಡಿದುಕೊಂಡು ಮುಂದಕ್ಕೆ ನಡೆದಳು. ಇಳಿಜಾರು ಕಡಿದಾಗುತ್ತಿತ್ತು. ಕೆಳಗೆ ಮರಗಳ ಸಂದಿನಲ್ಲಿ ಹಳ್ಳದ ನೀರು ಹೊಳೆಯಿತು. ಅವಳು ಬಡಿಯುತ್ತಿದ್ದವರ ಕೈಗಳನ್ನು ಕಿತ್ತು ದೂಡಿ ತನ್ನ ಭಾಷೆಯಲ್ಲಿ ಏನೋ ಗದರಿದಳು. ಹಾಡು ತುಂಡಾಯಿತು. ಲಾರಿಯ ತುಂಬ ಒಮ್ಮೆಲೇ ಮೌನ. ಎಂಜಿನ್ನಿನ ಸದ್ದು ಮಾತ್ರ.

ಆ ಮೌನದಲ್ಲಿ ಅವಳು ಹಿತ್ತಾಳೆಯ ತಂಬಿಗೆಯಿಂದ ತಗಡಿಗೆ ಒಂದು ಸಲ ಹೊಡೆದಳು.

ಬ್ರೇಕು ಕಿರುಚಿತು. ಗಾಡಿ ಹಸಿ ಮಣ್ಣಿನಲ್ಲಿ ಜಾರಿತು, ನೇರವಾಗಿಯೇ ಜಾರಿತು, ನಿಂತಿತು. ಅಂದಾನೆಪ್ಪ ಫಟಫಟಿಯನ್ನು ಬಲಕ್ಕೆಳೆದು ಗಟಾರದಲ್ಲಿ ಕೆಡವಿದ. ನಾಗಲಿಂಗಪ್ಪ ಬಿದ್ದವನು ಎದ್ದು ಓಡಿ ಕ್ಯಾಬಿನ್ನಿನ ಬಾಗಿಲು ಹಿಡಿದ.

"ಚಕ್ರ ಮುಟ್ಟಬ್ಯಾಡ! ಕೈ ಬಿಡು, ಚನಬಸಪ್ಪಾ, ಕೈ ಬಿಡು!"

ಚನಬಸಪ್ಪ ಎರಡೂ ಕೈ ಮೇಲೆತ್ತಿದ. ಪಕ್ಕದಲ್ಲಿ ಗುರುಸಿದ್ದವ್ವ ತಲೆಯ ಸೆರಗು ಸರಿಮಾಡಿಕೊಂಡಳು. "ಯಾಕಪಾ, ದರೋಡಿಕಾರರು ಬಂದಾಂಗ ಬರ್ತೀರಿ?"

ಗಾಲಿಗಳ ಹಿಂದೆ ಮುಂದೆ ಕಲ್ಲು ಇಟ್ಟರು. ಬಾನಟ್ ಎತ್ತಿದರು. ನಾಗಲಿಂಗಪ್ಪ ಒಳಗೆ ಬಾಗಿದ. ಮೇಲಿನ ಜಾಯಿಂಟು ಬಿಗಿಯಾಗಿತ್ತು, ಪಿನ್ನು ಮಡಚಿಕೊಂಡಿತ್ತು, ಅದರ ಮೇಲೆ ಗಟ್ಟಿಯಾದ ಸುಣ್ಣ. ಕೆಳಗಿನದರಲ್ಲಿ ನಟ್ಟು ಇರಲಿಲ್ಲ. ಬೋಲ್ಟು ಅರ್ಧಕ್ಕಿಂತ ಹೆಚ್ಚು ಹೊರಬಂದು, ಗ್ರೀಸಿನ ಅಂಟಿನ ಮೇಲೆ ನಿಂತಿತ್ತು. ಜಾಯಿಂಟು ಹಲ್ಲುಗಳ ಕೊನೆಗೆ ಸರಿದಿತ್ತು. ಉಗುರಿನಷ್ಟು ಹಿಡಿತ ಉಳಿದಿತ್ತು. ಅದರ ಮೈಮೇಲೆ, ನಟ್ಟು ಇದ್ದ ಜಾಗದ ಸುತ್ತ, ಬಿಳಿಯ ಗುರುತು.

"ನೋಡು," ಎಂದ.

ಚನಬಸಪ್ಪ ಬಾಗಿ ನೋಡಿದ. ತಲೆ ಎತ್ತಿದಾಗ ದನಿ ಏರಿತ್ತು. "ಸುಣ್ಣ ನೋಡೇ ಒಯ್ದೇನ್ರಿ ನಾ! ನಿಮ್ಮ ಸುಣ್ಣ ನಂಬಿ ಇಷ್ಟು ಮಂದಿ ಕುಂದರಿಸಿದೆ!"

ನಾಗಲಿಂಗಪ್ಪ ಆ ಬಿಳಿಯನ್ನು ಬೆರಳಿನಿಂದ ಒರೆಸಿ ಅವನ ಮುಂದೆ ಹಿಡಿದ. "ನಾಲಗಿಗೆ ಹಚ್ಚಿ ನೋಡು. ಸುಣ್ಣ ಆದ್ರ ಸುಡತೈತಿ."

ಚನಬಸಪ್ಪ ಹಚ್ಚಿ ನೋಡಿದ. ಸುಡಲಿಲ್ಲ.

"ವಿಭೂತಿ," ಎಂದ. ತಾಯಿಯ ಕಡೆ ತಿರುಗಿದ. "ಯವ್ವಾ, ಇಲ್ಲೂ ಹಚ್ಚಿದ್ದ್ಯಾ?"

"ಎಲ್ಲಾ ಕಡೆ ಹಚ್ಚೇನಿ," ಗುರುಸಿದ್ದವ್ವ ಹೇಳಿದಳು. "ಅದಕ್ಕ ಇಲ್ಲೀ ತನಕ ಬಂದೀರಿ."

"ಅದಕ್ಕ ಇಲ್ಲೀ ತನಕ ಬಂದ ಪ್ರಸಂಗ ಬಂತು!"

"ಆಕಿನ್ನ ಬೈಬ್ಯಾಡ," ನಾಗಲಿಂಗಪ್ಪ ಹೇಳಿದ. "ಕೆಲಸ ಬಾಕಿ ಐತಿ ಅಂತ ನಾ ನಿಮ್ಮ ಮನಿಗೆ ಒಂದು ಮಾತು ಹೇಳಿ ಕಳಸಬೇಕಾಗಿತ್ತು. ಕಳಸಲಿಲ್ಲ. ಎಲ್ಲಾರೂ ನನ್ನ ಬೊಟ್ಟು ನೋಡಿ ಗಾಡಿ ಒಯ್ತಾರ ಅಂತ ಗೊತ್ತಿದ್ದಾವ ನಾನು."

ಅವನು ಜಾಯಿಂಟನ್ನು ಹಲ್ಲುಗಳ ಮೇಲೆ ಪೂರ್ತಿ ಏರಿಸಿ, ಹಳೆಯ ಬೋಲ್ಟನ್ನು ಎಸೆದು ಹೊಸದನ್ನು ತೂರಿಸಿ, ತಂದಿದ್ದ ನಟ್ಟನ್ನು ಕುಂಕುಮದ ಪಾನಾದಿಂದ ಬಿಗಿದ. ಮೈಯೆಲ್ಲ ಬೆವರಾಯಿತು. ಧೋತರದ ಗಂಟು ಬಿಚ್ಚಿ ಪಿನ್ನು ತೆಗೆದು ಹಾಕಿ ತುದಿ ಮಡಚಿದ. ರೂಢಿಯಂತೆ ಕೈ ಸೊಂಟದ ಡಬ್ಬಿಗೆ ಹೋಯಿತು. ಡಬ್ಬಿ ತೆರೆಯದೆಯೇ ಮರಳಿತು.

"ಕೈ ಹಾಕು," ಚನಬಸಪ್ಪನಿಗೆ ಹೇಳಿದ. "ಪಿನ್ನಿನ ತುದಿ ಬೆರಳಿಗೆ ಚುಚ್ಚತೈತೇನು ನೋಡು."

"ಚುಚ್ಚತೈತಿ."

"ಇನ್ನ ಮ್ಯಾಲ ಹಿಂಗ ನೋಡಿ ಒಯ್ಯಿ. ಬೊಟ್ಟು ನೋಡಬ್ಯಾಡ. ಯಾರ ಬೊಟ್ಟೂ ನೋಡಬ್ಯಾಡ."

ಜೈರಾಮ ಅಷ್ಟು ಹೊತ್ತು ದೂರ ನಿಂತಿದ್ದ. ಅವನ ಮಂದಿ ಕೆಳಗಿಳಿದು ರಸ್ತೆಯ ಬಲಗಡೆ ಗುಡ್ಡಕ್ಕೆ ಒರಗಿ ನಿಂತಿದ್ದರು. ಎಡಗಡೆ ಯಾರೂ ಹೋಗಿರಲಿಲ್ಲ. ಅವನು ಹತ್ತಿರ ಬಂದು ಹೇಳಿದ: "ಹಳ್ಳ ನಾವು ನಡದು ದಾಟ್ತೇವ್ರಿ. ಗಾಡಿ ಖಾಲಿ ದಾಟ್ಲಿ. ನೋಡೂಣು."

ಯಾರೂ ಬೇಡವೆನ್ನಲಿಲ್ಲ. ಗುರುಸಿದ್ದವ್ವ ಮಾತ್ರ ಇಳಿಯಲಿಲ್ಲ. ಮಗ ಕೈ ಹಿಡಿದು ಎಳೆದ.

"ಬಿಡೋ. ಹಚ್ಚಿದಾಕಿ ನಾನು. ನಾ ಇಳದು ನಿಂತು, ನೀ ಒಬ್ಬಾವ ಹೋಗೂದು ನೋಡಲೇನು?"

ನಾಗಲಿಂಗಪ್ಪ ಅವಳ ಪಕ್ಕದಲ್ಲಿ ಹತ್ತಿ ಕೂತು ಬಾಗಿಲು ಹಾಕಿಕೊಂಡ.

ಮಂದಿ ಅಡ್ಡ ಬಿದ್ದ ಮರದ ಮೇಲೆ ಸಾಲಾಗಿ ದಾಟಿ ಆಚೆ ದಡದಲ್ಲಿ ನಿಂತರು. ಚನಬಸಪ್ಪ ಗಾಡಿಯನ್ನು ಮೊದಲನೆಯ ಗೇರಿಗೆ ಹಾಕಿ ಇಳಿಸಿದ. ಹೊರಳು ಬಂತು. ಅವನು ಚಕ್ರವನ್ನು ಬಲಕ್ಕೆ ಪೂರ್ತಿ ತಿರುಗಿಸಿದ. ಗಾಲಿ ತಿರುಗಿತು, ಗಾಡಿ ತಿರುಗಿತು. ಮುಂದಿನ ಗಾಲಿ ನೀರಿಗೆ ಬಿತ್ತು. ಒಂದು ಕಲ್ಲು ಒದೆಯಿತು. ಚಕ್ರ ಅವನ ಕೈಯಲ್ಲಿ ಹಾರಿತು, ಅವನು ಹಿಡಿದ. ಇನ್ನೊಂದು ಕಲ್ಲು. ನೀರು ಗಾಲಿಯ ನಡುವಿನವರೆಗೆ ಬಂತು. ಗುರುಸಿದ್ದವ್ವ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ನಾಗಲಿಂಗಪ್ಪ ಚಕ್ರವನ್ನಾಗಲಿ ನೀರನ್ನಾಗಲಿ ನೋಡಲಿಲ್ಲ. ಪಾದ ಇಟ್ಟಿದ್ದ ಹಲಗೆಯ ಕೆಳಗಿನ ಸದ್ದನ್ನು ಕೇಳುತ್ತಿದ್ದ. ಕಟ್ ಎನ್ನಬಾರದು. ಅನ್ನಲಿಲ್ಲ. ಎಂಜಿನ್ನು ಹೂಂಕರಿಸಿ ಗಾಡಿಯನ್ನು ದಡಕ್ಕೆ ಎತ್ತಿತು.

ಚನಬಸಪ್ಪ ಎಂಜಿನ್ ಬಂದ್ ಮಾಡಿ ಚಕ್ರದ ಮೇಲೆ ಹಣೆ ಇಟ್ಟ.

ಅಂದಾನೆಪ್ಪ ಫಟಫಟಿಯನ್ನು ಹಿಂದೆಯೇ ಬಿಟ್ಟು ಮರದ ಮೇಲಿಂದ ದಾಟಿ ಬಂದ. ಅಂಗಿಯ ತುಂಬ ಕೆಸರು. "ಹತ್ರಿ ಹತ್ರಿ, ಎಲ್ಲಾ ಸರಿ ಆತು," ಎಂದು ಮಂದಿಗೆ ಹೇಳಿದ.

ಯಾರೂ ಹತ್ತಲಿಲ್ಲ. ರೂಪಿಬಾಯಿ ಕೂಸನ್ನು ಬಿಗಿಯಾಗಿ ಅಪ್ಪಿಕೊಂಡು ಅತ್ತೆಯ ಹಿಂದೆ ನಿಂತಿದ್ದಳು. ಕ್ಯಾಂಪಿಗೆ ಇನ್ನೂ ದೂರವಿತ್ತು. ಮುಂದೆ ಮತ್ತೊಂದು ಏರು, ಮತ್ತೊಂದು ಇಳಿಜಾರು. ಜೈರಾಮ ಕ್ಯಾಬಿನ್ನಿನಿಂದ ಇಳಿದ ನಾಗಲಿಂಗಪ್ಪನ ಮುಂದೆ ಬಂದು ನಿಂತ.

"ಒಂದು ಮಾತು ಕೇಳ್ತೇನ್ರಿ, ಮಿಸ್ತ್ರಿ. ನಿಮ್ಮ ಮಂದೀನ ಇದರಾಗ ಕೂಡಸ್ತೀರೇನು?"

ಬೆಳಿಗ್ಗೆಯವರೆಗೆ ನಾಗಲಿಂಗಪ್ಪನ ಒಂದು ಬೊಟ್ಟು ಸಾಕಾಗುತ್ತಿತ್ತು. ಈಗ ಹೌದು ಎಂಬ ಮಾತಿಗೆ ಎಷ್ಟು ಬೆಲೆ ಇದೆ ಎಂದು ಅವನಿಗೆ ಗೊತ್ತಿತ್ತು. ಅವನು ಪಾನಾವನ್ನು ಅಂದಾನೆಪ್ಪನ ಕೈಗೆ ಕೊಟ್ಟ.

"ಇದನ್ನ ಮಹಾದೇವಕ್ಕಗ ಮುಟ್ಟಸು. ಪೂಜಿ ಜಾಗಾದಾಗ ಇಡು ಅನ್ನು. ಬನ್ನಿಗೆ ನನ್ನ ದಾರಿ ಕಾಯಬ್ಯಾಡ ಅಂತ ಹೇಳು. ನಾ ನಾಳೆ ಇದ ಗಾಡಿಯಾಗ ಬರ್ತೇನಿ."

"ಹಬ್ಬದ ದಿನ ಅಡವ್ಯಾಗ ಇರ್ತೀಯಾ?"

ನಾಗಲಿಂಗಪ್ಪ ಗಾಲಿಯ ಮೇಲೆ ಕಾಲಿಟ್ಟು ಹಿಂದಿನ ಹಲಗೆ ಹಿಡಿದು ಲಾರಿಗೆ ಹತ್ತಿದ. ಮುಂದೆ ಕ್ಯಾಬಿನ್ನಿನಲ್ಲಲ್ಲ, ಹಿಂದೆ, ಗಂಟುಗಳ ನಡುವೆ, ಎಡಗಡೆಯ ಅಂಚಿಗೆ ಕೂತ. ಕೆಂಪು ಬಟ್ಟೆಯಲ್ಲಿ ಸುತ್ತಿದ ಕೊಯ್ತಾಗಳಿಗೆ ಕಾಲು ತಾಗದಂತೆ ಮಡಚಿಕೊಂಡ.

ಜೈರಾಮ ಹೆಂಡತಿಯ ಮುಖ ನೋಡಿದ. ಗಂಗಿಬಾಯಿ ಹಳ್ಳ ದಾಟುವಾಗ ಹೊತ್ತು ತಂದಿದ್ದ ಗಡಿಗೆಯನ್ನು ಮೊದಲು ಎತ್ತಿ ಕೊಟ್ಟಳು, ನಾಗಲಿಂಗಪ್ಪ ತೆಗೆದುಕೊಂಡ. ಆಮೇಲೆ ಕೋಳಿಯ ಬುಟ್ಟಿ. ಆಮೇಲೆ ತಾನು ಹತ್ತಿದಳು. ಅವಳು ಕೂತ ಮೇಲೆ ಒಬ್ಬೊಬ್ಬರಾಗಿ ಉಳಿದವರು ಬಂದರು. ರೂಪಿಬಾಯಿ ಕಡೆಗೆ ಹತ್ತಿದಳು, ಕೂಸನ್ನು ಯಾರ ಕೈಗೂ ಕೊಡದೆ. ಯಾರೂ ಹಾಡಲಿಲ್ಲ.

ಚನಬಸಪ್ಪ ಕ್ಯಾಬಿನ್ನಿನಲ್ಲಿ ಕಾಯುತ್ತಿದ್ದ.

"ಮಿಸ್ತ್ರಿ ಅಣ್ಣಾ, ಹೇಳಲೇನು?" ಗಂಗಿಬಾಯಿ ಕೇಳಿದಳು.

"ನೀನ ಹೇಳು."

ಅವಳು ತಂಬಿಗೆ ಎತ್ತಿ ತಗಡಿಗೆ ಎರಡು ಸಲ ಹೊಡೆದಳು.